ಕಮೀಜು ಎಂಬ ಶಬ್ದದ ವೃತ್ತಾಂತ

ಗಾಂಧಿಬಾಗಿನ ಬಟ್ಟೆಪೇಟೆಯಲ್ಲಿ ನಮ್ಮ ಕಿವಿಗೆ ಪದೇಪದೇ ಬೀಳುವ ಶಬ್ದ 'ಕಮೀಜು'. ಹಿಂದಿಗೆ ಇದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದಿತು. ಕುರಾನಿನ ಯೂಸುಫನ ಕಥೆಯಲ್ಲಿ ಹರಿದ ಅಂಗಿಗೆ ಇದೇ ಹೆಸರು. ಆದರೆ ಅರಬ್ಬಿಗೂ ಇದು ಹೊರಗಿನದೇ. ಇದರ ಮೂಲವು ಲ್ಯಾಟಿನ್ನಿನ 'ಕಮೀಸಿಯ' ಎಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿರುವರು. ಅಗಸೆನಾರಿನ ಬಟ್ಟೆಯ ಅಂಗಿ ಎಂದು ಅದರ ಅರ್ಥ.

ಸುಮಾರು 397ರಲ್ಲಿ ಸಂತ ಜೆರೋಮನು ಫಾಬಿಯೋಲಾ ಎಂಬ ಮಹಿಳೆಗೆ ಯೆಹೂದಿ ಯಾಜಕರ ಉಡುಪನ್ನು ವಿವರಿಸಿ ಪತ್ರ ಬರೆದನು. ಓದುವವರಿಗೆ ಸುಲಭವಾಗಲೆಂದು ಆಡುಮಾತನ್ನು ಬಳಸುವೆನೆಂದು ಹೇಳಿ, ಸೈನಿಕರು ತೊಡುವ ಈ ಅಂಗಿಯನ್ನು ಅಲ್ಲಿ ಹೆಸರಿಸಿರುವನು. ಪಂಡಿತನು ಸಂಕೋಚದಿಂದ ಬರೆದ ಆ ಮಾತೇ ಫ್ರೆಂಚರಲ್ಲಿ 'ಶೆಮೀಜ್', ಪೋರ್ಚುಗೀಸರಲ್ಲಿ 'ಕಮೀಜ' ಆಗಿ ಬಾಳಿತು. ರೋಮನ್ನರಿಗಾದರೂ ಅದು ಸ್ವಂತದ್ದೇ? ಗಾಲ್ ನಾಡಿನವರಿಂದ ಬಂದಿರಬೇಕೆಂದು ಊಹೆ. ಜರ್ಮನರ 'ಹೆಮ್ಡ್' ಇದರ ಬಂಧು.

ಇನ್ನು ವ್ಯಾಕರಣ. ಶಬ್ದವು ಸ್ತ್ರೀಲಿಂಗ. ಪ್ರಥಮೆ 'ಕಮೀಸಿಯ', ದ್ವಿತೀಯೆ 'ಕಮೀಸಿಯಮ್'. ಜೆರೋಮನ ಪತ್ರದಲ್ಲಿರುವ 'ಕಮೀಸಿಯಾಸ್' ದ್ವಿತೀಯಾ ಬಹುವಚನ, ಎಂದರೆ 'ಕಮೀಜುಗಳನ್ನು'. ನಮ್ಮಲ್ಲಿ 'ಗಳ್', 'ಅನ್ನು' ಎಂದು ಬಿಡಿಸಿ ತೋರಿಸಬಹುದು. ಅಲ್ಲಿ ವಚನವೂ ವಿಭಕ್ತಿಯೂ 'ಆಸ್' ಎಂಬೊಂದರಲ್ಲೇ ಕರಗಿಹೋಗಿವೆ. ಪ್ರಥಮೆಯ ಕೊನೆಯನ್ನು ದೀರ್ಘವಾಗಿ ಎಳೆದು 'ಕಮೀಸಿಯಾ' ಎಂದರೆ 'ಕಮೀಜಿನಿಂದ' ಎಂದಾಯಿತು. ರೋಮನ್ ಲಿಪಿಯಲ್ಲಿ ಸಾಮಾನ್ಯವಾಗಿ ಮರೆಯಾಗುವ ಈ ಭೇದ ನಮ್ಮ ಲಿಪಿಯಲ್ಲಿ ಎಷ್ಟು ಸ್ಪಷ್ಟ! ಹಿಂದಿಯಲ್ಲಿಯೂ ಕಮೀಜು ಸ್ತ್ರೀಲಿಂಗವೇ. ಆದರೆ ಅದು ಲ್ಯಾಟಿನ್ನಿನ ಬಳುವಳಿಯಲ್ಲ. ನಡುವಣ ಪಾರಸಿಯಲ್ಲಿ ಲಿಂಗಭೇದವೇ ಇಲ್ಲ.