ತೊಟ್ಟಿಲು ತಿರುಗುವ ಮುನ್ನ

2019ರ ಜುಲೈ 14, ಭಾನುವಾರ ಸಂಜೆ. ಅಹಮದಾಬಾದಿನ ಕಾಂಕರಿಯಾ ಕೆರೆಯ ದಂಡೆಯಲ್ಲಿ ‘ಡಿಸ್ಕವರಿ’ ಎಂಬ ರೈಡ್ 31 ಜನರನ್ನು ಕೂರಿಸಿಕೊಂಡು ಲೋಲಕದ ಹಾಗೆ ತೂಗುತ್ತಿತ್ತು. ತೂಗುತ್ತಿದ್ದಂತೆಯೇ ಅದರ ಉದ್ದನೆಯ ಉಕ್ಕಿನ ತೋಳು ತುಂಡಾಯಿತು. ತುದಿಯಲ್ಲಿದ್ದ ಆಸನಗಳ ಬಳೆ ಜನರ ಸಮೇತ ನೆಲಕ್ಕೆ ಅಪ್ಪಳಿಸಿತು. ಇಬ್ಬರು ಸತ್ತರು, ಉಳಿದವರು ಕೈಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರು. ಯಾರೋ ಮೊಬೈಲಿನಲ್ಲಿ ಹಿಡಿದ ದೃಶ್ಯ ರಾತ್ರಿಯೊಳಗೆ ದೇಶವೆಲ್ಲ ಸುತ್ತಿತು.

ಕಾಂಕರಿಯಾ ಸಾಮಾನ್ಯ ಜಾಗವಲ್ಲ. 1451ರಲ್ಲಿ ಸುಲ್ತಾನ ಕುತ್ಬುದ್ದೀನನ ಕಾಲಕ್ಕೆ ಮುಗಿದ ಕೆರೆ ಅದು. ಸುತ್ತ ಮೃಗಾಲಯ, ಪುಟಾಣಿ ರೈಲು, ಮಕ್ಕಳ ಬಾಲವಾಟಿಕಾ. ನಗರದ ಈಶಾನ್ಯದ ಅಂಚಿನ ನರೋಡಾ, ಅದರ ಕೆಳಗಿನ ಓಢವ, ವಟವಾ ಕಡೆಯ ಕಾರ್ಖಾನೆ ಕೆಲಸದವರಿಗೆ ವಾರದ ರಜೆ ಎಂದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಾಂಕರಿಯಾಕ್ಕೆ ಹೋಗುವುದು. ಮೆಹಸಾಣಾ ಹೆದ್ದಾರಿಯ ದೊಡ್ಡ ವಾಟರ್ ಪಾರ್ಕಿಗೆ ಹೋಗಲು ಕಾರು ಬೇಕು, ತಲೆಗೆ ನೂರಾರು ರೂಪಾಯಿ ಬೇಕು. ಕೆರೆಗೆ ಸಿಟಿ ಬಸ್ಸು ಸಾಕು.

ಇಲ್ಲೊಂದು ವಿಚಿತ್ರವಿದೆ. ನರೋಡಾದ ಕೈಗಾರಿಕಾ ವಸಾಹತಿನಲ್ಲಿ ರಾಸಾಯನಿಕ ಕಾರ್ಖಾನೆಗಳಿಗೆ ಬೇಕಾದ ಟ್ಯಾಂಕು, ಪೈಪು ಬೆಸೆಯುವ ಕೆಲಸ ನಡೆಯುತ್ತದೆ. ಅಂಥ ಕೆಲಸದಲ್ಲಿ ‘ಡಿಪಿ ಟೆಸ್ಟ್’ ಎಂಬುದು ದಿನದ ಮಾತು. ಬೆಸುಗೆಯನ್ನು ಉಜ್ಜಿ ಒರೆಸಿ ಮೊದಲು ಕೆಂಪು ಬಣ್ಣ ಸಿಂಪಡಿಸುತ್ತಾರೆ. ಹತ್ತಿಪ್ಪತ್ತು ನಿಮಿಷ ಬಿಟ್ಟು ಆ ಬಣ್ಣವನ್ನು ಪೂರ್ತಿ ಒರೆಸಿ, ಮೇಲೆ ಬಿಳಿ ಪುಡಿಯ ದ್ರಾವಣ ಹೊಡೆಯುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಇಳಿದಿದ್ದ ಕೆಂಪು ಮತ್ತೆ ಮೇಲಕ್ಕೆ ಉಕ್ಕಿ, ಬಿಳಿಯ ಮೇಲೆ ಕೂದಲೆಳೆಯಷ್ಟು ಗೆರೆ ಮೂಡಿಸುತ್ತದೆ. ಮೂರು ಸ್ಪ್ರೇ ಡಬ್ಬಿ, ಒಂದು ಬಟ್ಟೆಚೂರು, ನೋಡಲು ಬಲ್ಲವನೊಬ್ಬ ಇದ್ದರೆ ಆಯಿತು. ವಾರವಿಡೀ ಟ್ಯಾಂಕಿಗೆ ಈ ಪರೀಕ್ಷೆ ಮಾಡಿ ಸಹಿ ಹಾಕಿಸಿಕೊಳ್ಳುವ ಕೆಲಸಗಾರನಿಗೆ, ಭಾನುವಾರ ತಾನು ಹತ್ತಿ ಕೂರುವ ರೈಡಿನ ತೋಳಿಗೆ ಅದು ಯಾವಾಗ ಆಯಿತು ಎಂದು ಕೇಳುವ ರೂಢಿ ಇರಲಿಲ್ಲ. ಕೇಳಿದರೂ ಉತ್ತರಿಸಲೇಬೇಕೆಂಬ ಕಟ್ಟುಪಾಡು ಟಿಕೆಟ್ ಕೊಡುವವನಿಗೆ ಇರಲಿಲ್ಲ.

ಮನುಷ್ಯ ತಲೆತಿರುಗಲು ದುಡ್ಡು ಕೊಡುವುದು ಹಳೆಯ ಚಾಳಿ. ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ 1623ರಲ್ಲಿ ಬಂದು, ಆ ಊರಿನ ಬೀದಿ, ಗುಡಿ, ಮೆರವಣಿಗೆಗಳ ವಿವರ ಬರೆದಿಟ್ಟ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯನ್ನು ನಮ್ಮ ಇತಿಹಾಸಕಾರರು ಚೆನ್ನಾಗಿ ಬಲ್ಲರು. ಅದಕ್ಕೂ ಎಂಟು ವರ್ಷ ಮೊದಲು ಅವನು ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ. ರಂಜಾನ್ ಹಬ್ಬದ ಬೀದಿಯಲ್ಲಿ ಮರದ ದೊಡ್ಡ ಚಕ್ರಕ್ಕೆ ಕುರ್ಚಿ ಕಟ್ಟಿ ಜನರನ್ನು ಮೇಲೆ ಕೆಳಗೆ ತಿರುಗಿಸುತ್ತಿದ್ದುದನ್ನು ಕಂಡು ತಾನೂ ಹತ್ತಿದ. ಅವನಿಗೇನೋ ಖುಷಿಯಾಯಿತು. ಪಕ್ಕದಲ್ಲಿದ್ದ ಗ್ರೀಕನೊಬ್ಬ ಮಾತ್ರ ಸಾಕು ಸಾಕು ಎಂದು ಬೊಬ್ಬೆ ಹೊಡೆದನಂತೆ. ನಮ್ಮ ಜಾತ್ರೆಗಳಲ್ಲಿ ಕೈಯಿಂದ ತಿರುಗಿಸುವ ನಾಲ್ಕು ಪೆಟ್ಟಿಗೆಯ ಮರದ ತೊಟ್ಟಿಲೂ ಅದೇ ಕುಲದ್ದು. 1893ರಲ್ಲಿ ಷಿಕಾಗೊ ವಸ್ತುಪ್ರದರ್ಶನಕ್ಕೆ ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ ಇದನ್ನೇ ಉಕ್ಕಿನಲ್ಲಿ 264 ಅಡಿ ಎತ್ತರಕ್ಕೆ ಕಟ್ಟಿ, 36 ಡಬ್ಬಿಗಳಲ್ಲಿ ಒಂದೇ ಸಲಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೂರಿಸಿದ.

ರೋಲರ್ ಕೋಸ್ಟರಿನ ಕಥೆಯೇ ಬೇರೆ. ರಷ್ಯಾದ ಚಳಿಗಾಲದ ಹಿಮದ ಜಾರುಬಂಡೆ 1817ರ ಹೊತ್ತಿಗೆ ಪ್ಯಾರಿಸ್ಸಿಗೆ ಬಂದು ಚಕ್ರದ ಬಂಡಿಯಾಯಿತು. 1884ರಲ್ಲಿ ಅಮೆರಿಕದ ಕೋನಿ ದ್ವೀಪದಲ್ಲಿ ಲಾಮಾರ್ಕಸ್ ಥಾಮ್ಸನ್ ಐದು ಸೆಂಟಿಗೆ ಒಂದು ಸುತ್ತು ಓಡಿಸಿದ. ವೇಗ ಗಂಟೆಗೆ ಹತ್ತು ಕಿಲೋಮೀಟರು, ಅಂದರೆ ಸೈಕಲ್ಲಿಗಿಂತ ನಿಧಾನ. 1895ರಲ್ಲಿ ಅಲ್ಲೇ ಒಬ್ಬರು ಪೂರ್ಣ ವೃತ್ತದ ಆಕಾರದಲ್ಲಿ ಹಳಿ ಬಗ್ಗಿಸಿ ಜನರನ್ನು ತಲೆಕೆಳಗು ಮಾಡಿದರು. ವೃತ್ತಕ್ಕೆ ನುಗ್ಗಿದ ಗಳಿಗೆಯಲ್ಲಿ ದೇಹದ ಭಾರ ಒಮ್ಮೆಲೇ ಹಲವು ಪಟ್ಟಾಗಿ ಕತ್ತು ಉಳುಕುತ್ತಿತ್ತು. ಆ ಆಟ ಬೇಗ ಮುಚ್ಚಿತು. ಕೆಳಗೆ ಅಗಲ, ಮೇಲೆ ಕಿರಿದಾದ ಹನಿಯಾಕಾರದ ಸುತ್ತು ಇಟ್ಟರೆ ಭಾರ ಹಂತಹಂತವಾಗಿ ಏರಿಳಿಯುತ್ತದೆ ಎಂದು ಲೆಕ್ಕ ಹಾಕಿ ಜರ್ಮನಿಯ ವರ್ನರ್ ಸ್ಟೆಂಗೆಲ್ ಉಕ್ಕಿನ ಹಳಿಯ ಮೇಲೆ ಮಾಡಿ ತೋರಿಸಿದ್ದು 1976ರಲ್ಲಿ. ನಡುವೆ 1919ರಲ್ಲಿ ಜಾನ್ ಮಿಲ್ಲರ್ ಎಂಬಾತ ಹಳಿಯ ಅಡಿಗೂ ಒಂದು ಚಕ್ರ ಜೋಡಿಸುವ ಪೇಟೆಂಟ್ ಪಡೆದಿದ್ದ. ಇಂದಿನ ಕೋಸ್ಟರಿಗೆ ಹಳಿಯ ಮೇಲೊಂದು, ಪಕ್ಕಕ್ಕೊಂದು, ಅಡಿಗೊಂದು ಹೀಗೆ ಮೂರು ಬಗೆಯ ಚಕ್ರ. ಬಂಡಿ ಹಳಿಯನ್ನು ಅಪ್ಪಿಕೊಂಡಿರುವುದರಿಂದಲೇ ತಲೆಕೆಳಗಾದರೂ ಬೀಳುವುದಿಲ್ಲ. ಏರುವಾಗ ಕೇಳುವ ಟಕ್ ಟಕ್ ಸದ್ದು ಹೆದರಿಸಲಿಕ್ಕೆಂದು ಇಟ್ಟದ್ದಲ್ಲ. ಸರಪಳಿ ಕಡಿದರೆ ಬಂಡಿ ಹಿಂದಕ್ಕೆ ಜಾರದಂತೆ ಹಲ್ಲಿಗೆ ಹಲ್ಲು ಕಚ್ಚುವ ಸದ್ದು ಅದು.

ನಮ್ಮ ದೇಶಕ್ಕೆ ಇದೆಲ್ಲ ತಡವಾಗಿ ಬಂತು. ದಿಲ್ಲಿಯ ಪ್ರಗತಿ ಮೈದಾನದಲ್ಲಿ 1984ರಲ್ಲಿ ಅಪ್ಪು ಘರ್, ಮುಂಬೈಯಲ್ಲಿ 1989ರಲ್ಲಿ ಎಸ್ಸೆಲ್ ವರ್ಲ್ಡ್. ವಿ-ಗಾರ್ಡ್ ಸ್ಟೆಬಿಲೈಸರಿನ ಕೊಚ್ಚೌಸೆಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದರು, 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಗಷ್ಟೇ ಬಸ್ಸು ನಿಲ್ಲುತ್ತಿದ್ದ ಊರು ಶಾಲಾ ಪ್ರವಾಸದ ಪಟ್ಟಿಗೆ ಸೇರಿತು. ಕೊಚ್ಚಿಯ ಸ್ವಂತ ಕಾರ್ಯಾಗಾರದಲ್ಲಿ ಹಲವು ರೈಡ್‌ಗಳನ್ನು ತಾವೇ ತಯಾರಿಸಿಕೊಳ್ಳುವುದು ಆ ಕಂಪನಿಯ ಪದ್ಧತಿ. ಮುಂಬೈ-ಪುಣೆ ಹಾದಿಯ ಖೋಪೋಲಿಯಲ್ಲಿ 2013ರಲ್ಲಿ ತೆರೆದ ಇಮ್ಯಾಜಿಕಾದ ಹಿಂದಿದ್ದವರು ತುಳುನಾಡ ಮೂಲದ ಮನಮೋಹನ ಶೆಟ್ಟಿ. ‘ಅರ್ಧ ಸತ್ಯ’ ಚಿತ್ರದ ನಿರ್ಮಾಪಕರಲ್ಲೊಬ್ಬರಾಗಿ, ಫಿಲ್ಮ್ ಸಂಸ್ಕರಣೆಯ ಆಡ್‌ಲ್ಯಾಬ್ಸ್ ಕಟ್ಟಿದವರಾಗಿ ಹೆಸರಾದವರು. ಅವರು ಸ್ವಿಟ್ಜರ್‌ಲೆಂಡಿನ ಬೋಲಿಗರ್ ಮತ್ತು ಮಬಿಲಾರ್ಡ್ ಕಂಪನಿಯಿಂದ ‘ನೈಟ್ರೊ’ ತರಿಸಿದರು: ಸುಮಾರು 40 ಮೀಟರ್ ಎತ್ತರ, ಕಾಲ ಕೆಳಗೆ ನೆಲವಿಲ್ಲದ ಆಸನ, ಐದು ಕಡೆ ತಲೆಕೆಳಗು. ವ್ಯಾಪಾರ ಕೈಹಿಡಿಯಲಿಲ್ಲ, ಸಾಲ ಬೆಳೆಯಿತು, 2022ರಲ್ಲಿ ಪಾರ್ಕು ಮಾಲ್ಪಾಣಿ ಸಮೂಹದ ಕೈಗೆ ಹೋಯಿತು. ಕೋಸ್ಟರ್ ಹುಚ್ಚಿನವರು ಮಾತ್ರ ಶೆಟ್ಟರ ಹೆಸರನ್ನು ಇಂದಿಗೂ ಅಕ್ಕರೆಯಿಂದಲೇ ಎತ್ತುತ್ತಾರೆ.

ಈ ಹುಚ್ಚಿನವರ ಮಾತು ಕೇಳಲು ಮಜಾ. ಮುಂದಿನ ಸಾಲೋ ಹಿಂದಿನ ಸಾಲೋ ಎಂಬ ಜಗಳ ಎಂದೂ ಮುಗಿಯುವುದಿಲ್ಲ. ಮುಂದೆ ಕೂತವನಿಗೆ ಎದುರಿನ ಪ್ರಪಾತ ಕಾಣುತ್ತದೆ. ಹಿಂದೆ ಕೂತವನು ದಿಬ್ಬದ ತುದಿ ಮುಟ್ಟುವಷ್ಟರಲ್ಲಿ ಮುಂದಿನ ಡಬ್ಬಿಗಳು ಆಗಲೇ ಇಳಿಯುತ್ತಿರುತ್ತವೆ, ಅವು ಎಳೆಯುವ ರಭಸಕ್ಕೆ ಅವನು ಸೀಟಿನಿಂದ ಮೇಲೆದ್ದುಬಿಡುತ್ತಾನೆ. ಹೊಟ್ಟೆಯೊಳಗಿನ ಆ ‘ಝುಂ’ ಬೇಕಾದವರು ಹಿಂದಿನ ಸಾಲಿಗೇ ಕಾಯಬೇಕು ಎನ್ನುವವರ ಪಕ್ಷ ನನ್ನದು. ಬಿಡದಿಯ ‘ರಿಕಾಯಿಲ್’ ಹೋದ ದಾರಿಯಲ್ಲೇ ಹಿಮ್ಮುಖವಾಗಿ ಬರುವುದು ಚೆಂದ, ಆದರೆ ಭುಜದ ಮೇಲಿನ ಹಾರ್ನೆಸ್ಸಿಗೆ ಕಿವಿ ಕುಟ್ಟುತ್ತದೆ ಎಂಬ ದೂರು ಹಳೆಯದು. 2025ರ ಡಿಸೆಂಬರಿನಲ್ಲಿ ತೆರೆದ ಚೆನ್ನೈ ವಂಡರ್‌ಲಾಕ್ಕೆ ಅದೇ ಸ್ವಿಸ್ ಕಂಪನಿಯ ‘ತಂಜೋರಾ’ ಬಂದದ್ದೇ ತಡ, ನೈಟ್ರೊ ಮೇಲೋ ತಂಜೋರಾ ಮೇಲೋ ಎಂದು ಶುರುವಾಗಿದೆ. ಟಿಕೆಟ್ ದುಬಾರಿ ಎಂಬ ಮಾತಿಗೆ ಜಿಎಸ್‌ಟಿಯೂ ಬರುತ್ತದೆ. 2017ರಲ್ಲಿ ಶೇ 28 ಹಾಕಿ, ಎಲ್ಲರೂ ಗೋಳಾಡಿದ ಮೇಲೆ 2018ರ ಜನವರಿಯಲ್ಲಿ ಶೇ 18ಕ್ಕೆ ಇಳಿಸಿದ ಕಥೆ ಇವರಿಗೆ ಬಾಯಿಪಾಠ.

ಹೊರಗಿನವರಿಗೆ ಇದು ಕೆಲಸವಿಲ್ಲದವರ ಹರಟೆ. ನನಗೆ ಹಾಗನ್ನಿಸುವುದಿಲ್ಲ. ರೈಡ್ ಕಂಡ ಕೂಡಲೇ ಎಷ್ಟು ಎತ್ತರ ಎಂದು ಕೇಳುವ ಬದಲು ಮಾಡಿದವರು ಯಾರು, ಎಷ್ಟು ವರ್ಷ ಹಳೆಯದು, ಲಾಕ್ ಬಿದ್ದದ್ದನ್ನು ಕೈಯಿಂದ ಎಳೆದು ನೋಡಿದರೇ ಎಂದು ಕೇಳುವವರು ಇವರೇ.

ಆದರೆ ಇವರ ಕಣ್ಣೂ ದೊಡ್ಡ ಪಾರ್ಕಿನ ಬೇಲಿಯೊಳಗೇ ಇರುತ್ತದೆ. ಬೇಲಿಯಾಚೆ ಲಾರಿ ಮೇಲೆ ಊರೂರು ತಿರುಗುವ ಇನ್ನೊಂದು ಲೋಕವಿದೆ. ಜಾಯಿಂಟ್ ವೀಲ್, ಕೊಲಂಬಸ್, ಬ್ರೇಕ್ ಡ್ಯಾನ್ಸ್, ಟೋರಾ ಟೋರಾ, ಮರಣಬಾವಿ. ಶಿರಸಿಯ ಮಾರಿ ಜಾತ್ರೆಯಿಂದ ಮೈಸೂರು ದಸರಾ ವಸ್ತುಪ್ರದರ್ಶನದವರೆಗೆ, ಗುಜರಾತಿನ ತರಣೇತರ ಮೇಳದಿಂದ ರಾಜಕೋಟೆಯ ಜನ್ಮಾಷ್ಟಮಿ ಲೋಕಮೇಳದವರೆಗೆ ಇವೇ ಯಂತ್ರಗಳು. ಬಿಚ್ಚಿ ಲಾರಿಗೆ ಹೇರುವುದು, ಇಳಿಸುವುದು, ಮತ್ತೆ ಬೋಲ್ಟು ಬಿಗಿಯುವುದು. ಕಾಲುಗಳ ಅಡಿಗೆ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ, ರಸಮಟ್ಟ ನೋಡಿ ಹೊಂದಿಸುತ್ತಾರೆ. ರಾತ್ರಿ ಮಳೆ ಬಂದು ಮಣ್ಣು ಮೆತ್ತಗಾದರೆ ಬೆಳಿಗ್ಗೆ ದಿಮ್ಮಿಯ ಅಡಿಗೆ ಇನ್ನೊಂದು ಹಲಗೆ. ಪ್ರತಿ ಸಲ ಬಿಚ್ಚಿ ಜೋಡಿಸಿದಾಗಲೂ ಪಿನ್ನು, ತೂತು, ಬೆಸುಗೆ ಒಂದಿಷ್ಟು ಸವೆಯುತ್ತವೆ. ಈ ಕೆಲಸ ಬಲ್ಲ ಹುಡುಗರ ಕೈಚಳಕದ ಬಗ್ಗೆ ಅನುಮಾನವಿಲ್ಲ, ಆದರೆ ಬಿರುಕು ಕೈಗೆ ತಾಗುವುದಿಲ್ಲ.

ಬಾಯ್ಲರಿಗೆ ಈ ದೇಶದಲ್ಲಿ ಒಂದೂವರೆ ಶತಮಾನದಿಂದ ಕಾನೂನಿದೆ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ ಮರುವರ್ಷವೇ ಬಂಗಾಳದಲ್ಲಿ ತಪಾಸಣೆ ಕಡ್ಡಾಯವಾಯಿತು, 1923ರಲ್ಲಿ ದೇಶಕ್ಕೆಲ್ಲ ಒಂದು ಕಾಯ್ದೆ ಬಂತು. ಅಪಾರ್ಟ್‌ಮೆಂಟಿನ ಲಿಫ್ಟಿಗೂ ರಾಜ್ಯದ ಕಾಯ್ದೆಯಿದೆ, ಇನ್‌ಸ್ಪೆಕ್ಟರ್ ಇದ್ದಾರೆ. ಜನರನ್ನು ಬೇಕೆಂದೇ ಎತ್ತಿ ಎಸೆಯುವ ಯಂತ್ರಕ್ಕೆ ಮಾತ್ರ ಅಂಥ ಕೇಂದ್ರ ಕಾಯ್ದೆ ಇಲ್ಲ. ಭಾರತೀಯ ಮಾನಕ ಬ್ಯೂರೊ 2004ರಲ್ಲಿ ಐಎಸ್ 15475 ಎಂಬ ಸುರಕ್ಷತಾ ಮಾನಕ ಹೊರಡಿಸಿತು. ದೊಡ್ಡ ಪಾರ್ಕುಗಳಿಗೆ ಹೆಸರು, ವಿಮೆ, ಷೇರುಪೇಟೆಯ ಭಯ ಇರುವುದರಿಂದ ಮಾನಕಕ್ಕೆ ಬೆಲೆ ಕೊಡುತ್ತವೆ. ಮೇಳದ ಯಂತ್ರಕ್ಕೆ ಆ ಭಯ ಯಾವುದೂ ಇಲ್ಲ.

ಗುಜರಾತಿನಲ್ಲಿ ನಿಯಮ ಬಂದ ದಾರಿ ನೋಡಿದರೆ ಎದೆ ಭಾರವಾಗುತ್ತದೆ. ಕಾಂಕರಿಯಾ ಆದ ಮೇಲೆ 2022ರ ಅಕ್ಟೋಬರ್ 30ರಂದು ಮೋರ್ಬಿಯ ತೂಗುಸೇತುವೆ ಹರಿದು 135 ಜನ ಹೋದರು. ಅದೂ ಟಿಕೆಟ್ ಕೊಟ್ಟು ಹತ್ತಿದ ವಿನೋದವೇ. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿತು. ಮಿತಿಗಿಂತ ಹೆಚ್ಚು ಮಕ್ಕಳನ್ನು ತುಂಬಿದ್ದರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದರು. ಅದೇ ವರ್ಷ ಮೇ 25ರ ಶನಿವಾರ ರಾಜಕೋಟೆಯ ಟಿಆರ್‌ಪಿ ಗೇಮ್ ಝೋನ್‌ಗೆ ಬೆಂಕಿ ಬಿತ್ತು. ಬೇಸಿಗೆ ರಜೆ, 99 ರೂಪಾಯಿಯ ರಿಯಾಯಿತಿ ಟಿಕೆಟ್, ತಗಡಿನ ಷೆಡ್ಡು, ಒಳಗೆ ಗೋ-ಕಾರ್ಟಿಗೆಂದು ದಾಸ್ತಾನಿಟ್ಟ ಇಂಧನ, ಪಕ್ಕದಲ್ಲೇ ವೆಲ್ಡಿಂಗ್. ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇರಲಿಲ್ಲ. ಸತ್ತವರು 27. ಹೈಕೋರ್ಟ್ ಮರುದಿನ ಭಾನುವಾರವೇ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು, ಮೇಲ್ನೋಟಕ್ಕೆ ಇದು ಮನುಷ್ಯನೇ ತಂದ ದುರಂತ ಎಂದಿತು. ರೈಡ್‌ಗಳಿಗೂ ಗೇಮ್ ಝೋನ್‌ಗಳಿಗೂ ಪ್ರತ್ಯೇಕ ಸುರಕ್ಷತಾ ನಿಯಮಗಳನ್ನು ರಾಜ್ಯ ಸರ್ಕಾರ ರೂಪಿಸಿದ್ದು ಇಷ್ಟೆಲ್ಲ ಆದ ಮೇಲೆ.

ನಿಯಮ ಮೊದಲು ತಟ್ಟಿದ್ದು ಅದೇ ರಾಜಕೋಟೆಯ ಲೋಕಮೇಳಕ್ಕೆ. ರೇಸ್‌ಕೋರ್ಸ್ ಮೈದಾನದಲ್ಲಿ ಜಿಲ್ಲಾಡಳಿತವೇ ನಡೆಸುವ ಐದು ದಿನದ ಮೇಳ ಅದು. ಯಂತ್ರದ ಪರೀಕ್ಷಾ ವರದಿ ತನ್ನಿ, ಮಣ್ಣು ಪರೀಕ್ಷೆ ಮಾಡಿಸಿ, ಕಾಂಕ್ರೀಟ್ ಪಾಯ ಹಾಕಿ ಎಂದಾಗ ರೈಡ್ ಮಾಲೀಕರು ತಿರುಗಿ ಬಿದ್ದರು. ಐದು ದಿನದ ಆಟಕ್ಕೆ ಪಾಯ ಹಾಕಿ, ಅದು ಗಟ್ಟಿಯಾಗುವವರೆಗೆ ಕಾದು, ಆಮೇಲೆ ಒಡೆದು ಮೈದಾನ ಬಿಟ್ಟುಕೊಡುವುದು ಹೇಗೆ ಎಂಬುದು ಅವರ ಪ್ರಶ್ನೆ. 2024ರಲ್ಲಿ ದೊಡ್ಡ ರೈಡ್‌ಗಳಿಲ್ಲದೆಯೇ ಮೇಳ ಶುರುವಾಯಿತು, ಮಳೆ ಅದನ್ನೂ ಮುಳುಗಿಸಿತು. ಮರುವರ್ಷ ಮತ್ತೆ ಅದೇ ಹಗ್ಗಜಗ್ಗಾಟ, ನಿಯಮ ಸಡಿಲಿಸಿ ಎಂಬ ಅದೇ ಒತ್ತಾಯ.

ಮಾಲೀಕರ ಗೋಳನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮೇಳಕ್ಕೆ ಬರುವವರು ಸಾವಿರ ರೂಪಾಯಿಯ ಪಾರ್ಕಿಗೆ ಹೋಗಲಾರದ ಜನ. ರೈಡ್‌ಗಳೇ ಬೇಡವೆಂದರೆ ಅವರ ಮಕ್ಕಳಿಗೆ ವರ್ಷಕ್ಕೊಮ್ಮೆ ಸಿಗುವುದೂ ಹೋಗುತ್ತದೆ. ನಿಯಮ ಸಡಿಲಿಸಿದರೆ ಐವತ್ತು ರೂಪಾಯಿ ಕೊಟ್ಟವನ ಜೀವಕ್ಕೆ ಐವತ್ತು ರೂಪಾಯಿಯಷ್ಟೇ ತಪಾಸಣೆ ಎಂದಾಗುತ್ತದೆ. ಕೆಂಪು ಬಣ್ಣದ ಪರೀಕ್ಷೆಯ ವರದಿಯನ್ನು ಟಿಕೆಟ್ ಕೌಂಟರಿನ ಪಕ್ಕ, ದರಪಟ್ಟಿಯ ಕೆಳಗೆ ಅಂಟಿಸಲು ದೊಡ್ಡ ಖರ್ಚಿಲ್ಲ. ಪಾಯದ ಮಾತಿಗೆ ಬಂದರೆ, ಮೇಳ ಪ್ರತಿವರ್ಷ ನಡೆಯುವುದು ಅದೇ ಮೈದಾನದಲ್ಲಿ, ಮೈಸೂರಿನ ವಸ್ತುಪ್ರದರ್ಶನವೂ ಅಷ್ಟೆ. ದೊಡ್ಡ ರೈಡ್ ನಿಲ್ಲುವ ಹತ್ತಾರು ಕಡೆ ನೆಲಮಟ್ಟಕ್ಕೆ ಕಾಯಂ ಕಾಂಕ್ರೀಟ್ ಹಾಸು ಹಾಕಿ, ಬೋಲ್ಟು ಬಿಗಿಯುವ ಜಾಗ ಬಿಟ್ಟರೆ ವರ್ಷವರ್ಷವೂ ಒಡೆಯುವ ಪ್ರಮೇಯವೇ ಬರುವುದಿಲ್ಲ. ಅದನ್ನು ಆಡಳಿತವೇ ಮಾಡಿಸಬಹುದು. ಜಾಗದ ಹರಾಜಿನ ದುಡ್ಡು ಬರುವುದು ಅವರ ಕೈಗೇ ತಾನೆ.