ಕೈಗಡಿಯಾರಕ್ಕೊಂದು ದೂರವಾಣಿ ಸಂಖ್ಯೆ

ಗಡಿಯಾರವು ವೇಳೆಯನ್ನು ತಿಳಿಸಿದರೆ ಸಾಕೆಂದಿದ್ದ ದಿನಗಳು ಹಿಂದಾದುವು. ಇಂದಿನ ಸ್ಮಾರ್ಟ್‌ವಾಚು ನಾಡಿಯ ಬಡಿತವನ್ನೆಣಿಸುತ್ತದೆ, ನಡೆದ ಹೆಜ್ಜೆಗಳ ಲೆಕ್ಕವಿಡುತ್ತದೆ, ದೂರವಾಣಿಯ ಕರೆಯನ್ನೂ ಸ್ವೀಕರಿಸುತ್ತದೆ. ಮಹಾನಗರಗಳಲ್ಲಿ ಮಕ್ಕಳು ಕಚೇರಿಗೆ ಹೊರಟ ಮೇಲೆ ಮನೆಯಲ್ಲಿ ಒಬ್ಬರೇ ಉಳಿಯುವ ಹಿರಿಯರಿಗೂ, ಮೊಬೈಲನ್ನು ಮನೆಯಲ್ಲಿಯೇ ಇಟ್ಟು ಮುಂಜಾನೆ ವಾಯುಸೇವನೆಗೆ ಹೊರಡುವವರಿಗೂ ಇದೊಂದು ಆಸರೆಯೆಂದು ಅನೇಕರು ಕೊಂಡುಕೊಡುವುದುಂಟು. ಆದರೆ ಕರೆಯು ಯಾವ ಸಂಖ್ಯೆಯಿಂದ, ಯಾವ ಮಾರ್ಗವಾಗಿ ಹೋಗುತ್ತದೆಂಬುದನ್ನು ಅರಿಯದಿದ್ದರೆ ಆ ಆಸರೆಯು ಬೇಕಾದ ಹೊತ್ತಿನಲ್ಲಿಯೇ ಕೈಕೊಡಬಹುದು.

ಎರಡು ಬಗೆಗಳು

ಕರೆ ಮಾಡಬಲ್ಲ ಗಡಿಯಾರಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ‘ಬ್ಲೂಟೂತ್ ಕಾಲಿಂಗ್’ ಗಡಿಯಾರ. ಇದರ ಬೆಲೆ ಕಡಿಮೆ. ಸ್ವಂತ ಸಿಮ್ ಇಲ್ಲ. ಸಮೀಪದಲ್ಲಿರುವ ಮೊಬೈಲಿಗೆ ಇದು ಕಿವಿಯೂ ಬಾಯಿಯೂ ಆಗುತ್ತದೆ, ಅಷ್ಟೆ. ಮೊಬೈಲಿನಿಂದ ಸುಮಾರು 10 ಮೀಟರಿನಾಚೆ ಸರಿದರೆ ಇದು ಮೂಕ. ಎರಡನೆಯದು ‘ಸೆಲ್ಯುಲಾರ್’ ಅಥವಾ ‘ಎಲ್‌ಟಿಇ’ ಎಂದು ಪೆಟ್ಟಿಗೆಯ ಮೇಲೆ ನಮೂದಾಗಿರುವ ಗಡಿಯಾರ. ಸಾಮಾನ್ಯವಾಗಿ ಇದರೊಳಗೆ ಕಳಚಲಾಗದಂತೆ ಬೆಸೆದ ಇ-ಸಿಮ್ ಇರುತ್ತದೆ. ಆಪಲ್ ವಾಚಿನ ಇಂತಹ ಮಾದರಿಗೆ ಭಾರತದಲ್ಲಿ ಜಿಯೊ ಮತ್ತು ಏರ್‌ಟೆಲ್ ಸಂಸ್ಥೆಗಳು 2018ರ ಮೇ ತಿಂಗಳಲ್ಲಿ ಸೇವೆಯನ್ನಾರಂಭಿಸಿದವು.

ಒಂದು ಸಂಖ್ಯೆ, ಎರಡು ಸಿಮ್

ದೂರವಾಣಿ ಸಂಖ್ಯೆಯು ಸಿಮ್ಮಿನೊಳಗೇ ಅಡಗಿದೆಯೆಂಬುದು ರೂಢಿಯ ಭಾವನೆ. ವಾಸ್ತವವಾಗಿ ಅದು ದೂರಸಂಪರ್ಕ ಸಂಸ್ಥೆಯ ಲೆಡ್ಜರಿನಲ್ಲಿರುವ ಖಾತೆಯಂತೆ. ಪ್ರತಿಯೊಂದು ಸಿಮ್ಮಿಗೂ ಸಾಮಾನ್ಯವಾಗಿ 15 ಅಂಕಿಗಳ ಬೇರೆಯೇ ಗುರುತು ಇರುತ್ತದೆ. ಆ ಗುರುತನ್ನು ಸಂಸ್ಥೆಯು ಸಂಖ್ಯೆಯೊಡನೆ ಜೋಡಿಸುತ್ತದೆ. ದಂಪತಿಗಳ ಜಂಟಿ ಖಾತೆಗೆ ಎರಡು ಡೆಬಿಟ್ ಕಾರ್ಡುಗಳಿರುವಂತೆಯೇ ಇದು: ಕಾರ್ಡಿನ ಅಂಕಿಗಳು ಬೇರೆ, ಖಾತೆ ಒಂದೇ. ಹೀಗಾಗಿ ಒಳಬರುವ ಕರೆಗೆ ಮೊಬೈಲೂ ಗಡಿಯಾರವೂ ಎರಡೂ ರಿಂಗಣಿಸುತ್ತವೆ. ಗಡಿಯಾರದಿಂದ ಮಾಡಿದ ಕರೆಯಲ್ಲಿಯೂ ಹಳೆಯ ಸಂಖ್ಯೆಯೇ ಕಾಣುತ್ತದೆ. ಖಾತೆ ಒಂದೇ ಆದುದರಿಂದ ಎರಡಕ್ಕೂ ಒಂದೇ ಸಂಸ್ಥೆಯ ಸೇವೆಯಿರಬೇಕು.

ಮೊಬೈಲು ಹತ್ತಿರವಿದ್ದಾಗ ಗಡಿಯಾರವು ಅದರ ಮೂಲಕವೇ ಮಾತನಾಡುತ್ತದೆ. ದೂರವಾದಾಗ ಪರಿಚಿತ ವೈಫೈಯನ್ನೂ, ಅದೂ ಇಲ್ಲದಾಗ ಮೊಬೈಲ್ ಗೋಪುರವನ್ನೂ ಆಶ್ರಯಿಸುತ್ತದೆ. ಗೋಪುರದೊಡನೆ ನೇರ ಸಂಪರ್ಕದಲ್ಲಿರುವಾಗ ಬ್ಯಾಟರಿಯು ಬೇಗ ಬರಿದಾಗುವುದು.

ಅರಿತಿರಬೇಕಾದ ಸಂಗತಿಗಳು

ಆಪಲ್ ವಾಚಿನ ಈಚಿನ ಮಾದರಿಗಳು ಧರಿಸಿದವರು ಜೋರಾಗಿ ಬಿದ್ದುದನ್ನು ಗುರುತಿಸಬಲ್ಲವು. ಸುಮಾರು ಒಂದು ನಿಮಿಷ ಅವರು ಅಲುಗದಿದ್ದರೆ ತುರ್ತು ಸೇವೆಗೆ ತಾವಾಗಿಯೇ ಕರೆ ಮಾಡುತ್ತವೆ. ಈ ಸೌಲಭ್ಯವು ಚಾಲನೆಯಲ್ಲಿರಬೇಕು. ಕರೆ ಹೋಗಲು ಮೇಲೆ ಹೇಳಿದ ಮಾರ್ಗಗಳಲ್ಲಿ ಒಂದಾದರೂ ತೆರೆದಿರಬೇಕು. ಭಾರತದ ತುರ್ತು ಸಂಖ್ಯೆ 112 ಎಂಬುದನ್ನು ಹಿರಿಯರಿಗೆ ಬಾಯಿಪಾಠ ಮಾಡಿಸುವುದೂ ಒಳ್ಳೆಯದು.

ಆಪಲ್ ವಾಚಿಗೆ ಎಸ್‌ಎಂಎಸ್ ಬರುವುದು ಮೊಬೈಲಿನ ಮೂಲಕ. ಮನೆಯಲ್ಲಿಟ್ಟ ಮೊಬೈಲು ಆರಿಹೋಗಿದ್ದರೆ ಬ್ಯಾಂಕಿನ ಒಟಿಪಿ ಗಡಿಯಾರಕ್ಕೆ ತಲುಪದು.

ಇ-ಸಿಮ್ಮಿನ ಹೆಸರಿನಲ್ಲಿ ವಂಚನೆಯೂ ನಡೆಯುತ್ತಿದೆ. ಸಂಸ್ಥೆಯವರೆಂದು ಹೇಳಿಕೊಂಡು ಕರೆ ಮಾಡಿದವರ ಮಾತಿಗೆ ಒಪ್ಪಿಗೆಯನ್ನೋ ಒಟಿಪಿಯನ್ನೋ ಕೊಟ್ಟರೆ ಸಂಖ್ಯೆಯು ವಂಚಕನ ಮೊಬೈಲಿಗೆ ವರ್ಗವಾಗಿಬಿಡುತ್ತದೆ. ಗಡಿಯಾರಕ್ಕೆ ಸಂಖ್ಯೆಯನ್ನು ಹಂಚಿದಾಗ ಮೊಬೈಲಿನ ಸಿಮ್ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ. ಅಂತಹ ಕರೆಯ ಬೆನ್ನಿಗೇ ಮೊಬೈಲಿನ ಸಿಗ್ನಲ್ ಮಾಯವಾದರೆ ಅದು ಅಪಾಯದ ಸೂಚನೆ. ತಡಮಾಡದೆ ಬೇರೊಂದು ದೂರವಾಣಿಯಿಂದ ಸೇವಾಸಂಸ್ಥೆಗೂ ಬ್ಯಾಂಕಿಗೂ ತಿಳಿಸಬೇಕು. ಹಣ ಹೋಗಿದ್ದಲ್ಲಿ 1930ಕ್ಕೆ ದೂರು ಕೊಡಬೇಕು.

ಗಡಿಯಾರವನ್ನು ಹಿರಿಯರ ಮಣಿಕಟ್ಟಿಗೆ ಕಟ್ಟಿದ ದಿನವೇ ಒಂದು ಪರೀಕ್ಷೆ ನಡೆಯಲಿ. ಮೊಬೈಲನ್ನು ಮನೆಯಲ್ಲಿಯೇ ಬಿಟ್ಟು, ಬೀದಿಯ ಕೊನೆಯವರೆಗೆ ಅವರೊಡನೆ ನಡೆದು, ಅಲ್ಲಿಂದ ಮನೆಯವರೊಬ್ಬರಿಗೆ ಅವರಿಂದಲೇ ಕರೆ ಮಾಡಿಸಬೇಕು. ಆ ಕರೆ ತಲುಪಿದರೆ ಮರುದಿನದಿಂದ ಹಿರಿಯರು ನಿಶ್ಚಿಂತೆಯಿಂದ ನಡೆಯಬಹುದು. ತಲುಪದಿದ್ದರೆ ಮೊಬೈಲು ಅವರ ಜೇಬಿನಲ್ಲಿರುವುದೇ ಲೇಸು.