ಬೂದು ಹಕ್ಕಿಯ ಬಿಳಿ ಮರಿ

ದಹಿಸರ್ ಪೂರ್ವದಲ್ಲಿ ಬಿಡಾರ ಹೂಡಿರುವ ನನ್ನ ಮಿತ್ರರೊಬ್ಬರು ಉಪಾಹಾರಗೃಹವೊಂದರ ಗಲ್ಲಾ ನೋಡಿಕೊಳ್ಳುವವರು. ರಾತ್ರಿ ಹನ್ನೊಂದರ ಮೊದಲು ಅವರು ಮನೆ ಸೇರಿದ್ದುಂಟೆಂದು ಕೇಳಿಲ್ಲ. ಬೆಳಿಗ್ಗೆ ಹೊರಡುವ ಮುನ್ನ ದೊರೆಯುವ ಅರ್ಧ ಗಂಟೆಯನ್ನು ಅವರು ಗ್ಯಾಲರಿಯಲ್ಲಿ ತೂಗುಹಾಕಿದ ಪಂಜರಕ್ಕೆ ಮೀಸಲಿಟ್ಟಿದ್ದಾರೆ. ಅದರಲ್ಲಿ ಒಂದು ಜೊತೆ ಜೀಬ್ರಾ ಫಿಂಚುಗಳು: ಬೆನ್ನು ಬೂದು, ಗಂಡಿನ ಕೆನ್ನೆ ಕಿತ್ತಳೆ, ಎದೆಯ ಮೇಲೆ ಸಣ್ಣ ಕಪ್ಪು ಗೆರೆಗಳು. ಆಸ್ಟ್ರೇಲಿಯದ ಒಣ ಬಯಲಿನ ಈ ಪುಟ್ಟ ಹಕ್ಕಿ ಹಿಡಿ ನವಣೆಗೆ ತೃಪ್ತವಾಗಿ ಒಂದೇ ಕೋಣೆಯ ಸಂಸಾರಕ್ಕೂ ಹೊಂದಿಕೊಳ್ಳಬಲ್ಲದು.

ಈ ಜೋಡಿ ಐದು ಮೊಟ್ಟೆಯಿಟ್ಟು ನಾಲ್ಕು ಮರಿ ಮಾಡಿತು. ಮೂರು ಮರಿಗಳು ತಂದೆತಾಯಿಯಂತೆಯೇ ಬೂದು. ನಾಲ್ಕನೆಯದಕ್ಕೆ ರೆಕ್ಕೆ ಬಲಿತಾಗ ನೋಡಿದರೆ ಮಲ್ಲಿಗೆಯ ಮೊಗ್ಗಿನಂಥ ಬಿಳುಪು! ಮಿತ್ರರಿಗೆ ಸಂತೋಷವಾಗಬೇಕಿತ್ತು, ಆದದ್ದು ದಿಗಿಲು. ನೆರೆಮನೆಯವರು ಇಣುಕಿ ನೋಡಿ, "ಇದಕ್ಕೆ ತೊನ್ನು ಹತ್ತಿದೆ, ಮಿಕ್ಕವುಗಳಿಗೂ ಹತ್ತೀತು, ಆಚೆ ಬಿಟ್ಟುಬಿಡಿ" ಎಂದು ಉಪದೇಶಿಸಿದ್ದರು. ದಹಿಸರ್ ನದಿಯ ಮೇಲ್ದಂಡೆಯ ಹಾದಿ ಹಿಡಿದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಅದನ್ನು ಹಾರಿಬಿಡುವುದೆಂದು ನಿಶ್ಚಯವೂ ಆಗಿತ್ತು. ಪಂಜರದಲ್ಲೇ ಹುಟ್ಟಿದ, ಹಸಿರಿನ ನಡುವೆ ದೂರದಿಂದಲೇ ಎದ್ದುಕಾಣುವ ಬಿಳಿ ಹಕ್ಕಿ ಅಲ್ಲಿ ಕಾಗೆಗೋ ಗಿಡುಗನಿಗೋ ಒಂದು ದಿನದ ತುತ್ತು. ಭಾನುವಾರ ನಾನು ಹೋಗುವವರೆಗೆ ತಡೆಯಿರೆಂದು ಹೇಳಿಕಳುಹಿಸಿದೆ.

ತೊನ್ನು ಮನುಷ್ಯರಲ್ಲಿಯೂ ಅಂಟುವ ರೋಗವಲ್ಲವೆಂಬುದು ಬೇರೆ ಮಾತು. ಈ ಮರಿಗೆ ರೋಗವೇ ಇರಲಿಲ್ಲ. ಹಕ್ಕಿಯ ಗರಿಯ ಕಪ್ಪು, ಬೂದು, ಕಂದು ಬಣ್ಣಗಳು ಮೆಲನಿನ್ ಎಂಬ ವರ್ಣದ್ರವ್ಯದಿಂದ ಬರುತ್ತವೆ. ಅದು ಗರಿಗೆ ಇಳಿಯದಂತೆ ಹುಟ್ಟಿನಲ್ಲಿಯೇ ತಡೆಯಾದರೆ ಗರಿ ಬಿಳಿಯಾಗುತ್ತದೆ. ಮರಿಯ ಕಣ್ಣನ್ನು ನೋಡಿರೆಂದು ಮಿತ್ರರಿಗೆ ತೋರಿಸಿದೆ, ಅಚ್ಚ ಕಪ್ಪಾಗಿತ್ತು. ಮೆಲನಿನ್ ಪೂರ್ತಿ ಇಲ್ಲದ ಹಕ್ಕಿಯಾಗಿದ್ದರೆ ಕಣ್ಣು ಕೆಂಪಾಗಿರುತ್ತಿತ್ತು. ಬೆಳೆದ ಬಿಳಿ ಫಿಂಚಿಗೂ ಕೊಕ್ಕು ಕೆಂಪೇ, ಏಕೆಂದರೆ ಕೊಕ್ಕಿನ ಬಣ್ಣದ ಮೂಲ ಮೆಲನಿನ್ ಅಲ್ಲ, ಆಹಾರ. ಕಾಳಿನಲ್ಲಿರುವ ಹಳದಿ ದ್ರವ್ಯವನ್ನು ಹಕ್ಕಿಯ ದೇಹ ಕೆಂಪಾಗಿ ಮಾರ್ಪಡಿಸುತ್ತದೆ. ಈ ಕಾರ್ಯ ನಡೆಸುವ ವಂಶವಾಹಿ ಕೆಟ್ಟಿದ್ದ, ಹಳದಿ ಕೊಕ್ಕಿನ ಜೀಬ್ರಾ ಫಿಂಚುಗಳನ್ನು ಪರೀಕ್ಷಿಸಿ 2016ರಲ್ಲಿ ವಿಜ್ಞಾನಿಗಳು ಆ ಗುಟ್ಟನ್ನು ಬಯಲುಮಾಡಿದರು.

ಬೂದು ತಂದೆತಾಯಿಗೆ ಬಿಳಿ ಮರಿ ಹೇಗೆ? ನಮ್ಮ ಅಡುಗೆಮನೆಗಳಲ್ಲಿ ನಿತ್ಯವೂ ಬೇಯುವ ಬಟಾಣಿಯ ಗಿಡಗಳಿಂದಲೇ ಮೆಂಡೆಲ್ ಎಂಬ ಪಾದ್ರಿ ಇದಕ್ಕೆ ಉತ್ತರ ಕಂಡುಹಿಡಿದು 1866ರಲ್ಲಿ ಪ್ರಕಟಿಸಿದ್ದನು. ತಂದೆಯಲ್ಲೊಂದು, ತಾಯಿಯಲ್ಲೊಂದು ಬಿಳುಪಿನ ವಂಶವಾಹಿ ಅಡಗಿರಬಹುದು. ಬೂದುಬಣ್ಣದ್ದು ಜೊತೆಗಿರುವವರೆಗೆ ಅದು ತಲೆಯೆತ್ತದು. ಎರಡೂ ಒಂದೇ ಮರಿಯಲ್ಲಿ ಕೂಡಿದಾಗ ಮಾತ್ರ ಬಿಳುಪು ಹೊರಬೀಳುತ್ತದೆ. ಅಂಥ ಜೋಡಿಯ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದು. ಮಿತ್ರರ ಮನೆಯಲ್ಲಿ ಲೆಕ್ಕ ಸರಿಯಾಗಿ ಬಂದದ್ದು ಕಾಕತಾಳೀಯ. ಕಂದು ಬಣ್ಣದ ಫಿಂಚುಗಳ ರೀತಿ ಇನ್ನೂ ಸೋಜಿಗದ್ದು. ಕಂದು ಗಂಡನ್ನು ಬೂದು ಹೆಣ್ಣಿನೊಡನೆ ಕೂಡಿಸಿದರೆ ಹೆಣ್ಣುಮರಿಗಳೆಲ್ಲ ಕಂದು, ಗಂಡುಮರಿಗಳೆಲ್ಲ ಬೂದು! ಆ ವಂಶವಾಹಿ ಲಿಂಗವನ್ನು ನಿರ್ಣಯಿಸುವ ಎಳೆಯ ಮೇಲೆ ಕುಳಿತಿರುವುದೇ ಕಾರಣ.

ಇಂಥ ಬಣ್ಣಗಳನ್ನು ತಲೆಮಾರುಗಳವರೆಗೆ ಆರಿಸಿ ಉಳಿಸಿದವರಲ್ಲಿ ಜಪಾನಿನವರು ಮುಂದು. ಇನ್ನೂರೈವತ್ತು ವರ್ಷಗಳಿಗೂ ಹಿಂದೆ ಅವರು ಚೀನದಿಂದ ತರಿಸಿಕೊಂಡ ಕಂದು ರಾಟವಾಳವೊಂದು ಇಂದು ಬಿಳಿ, ಮಚ್ಚೆ, ಕೆನೆ ಬಣ್ಣಗಳ "ಬೆಂಗಾಲೀಸ್" ಫಿಂಚು ಆಗಿದೆ. ಬಂಗಾಳಕ್ಕೂ ಅದಕ್ಕೂ ಹೆಸರಿನ ಸಂಬಂಧ ಮಾತ್ರ. ಆದರೆ ಅದರ ಜಾತಿಯದೇ ಆದ ಬಿಳಿಬೆನ್ನಿನ ರಾಟವಾಳ ನಮ್ಮ ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಇಂದಿಗೂ ಸ್ವಚ್ಛಂದವಾಗಿ ಹುಲ್ಲಿನ ಬೀಜ ಹೆಕ್ಕುತ್ತಿರುವುದನ್ನು ಊರಿಗೆ ಹೋದಾಗ ವಾಚಕರು ಗಮನಿಸಬಹುದು.

ಇಷ್ಟು ಹೇಳುವಾಗ ನನ್ನ ಒಂದು ಮೂರ್ಖತನವನ್ನೂ ಮುಚ್ಚಿಡಲಾರೆ. ಕೆಲವು ವರ್ಷಗಳ ಹಿಂದೆ ರೈಲ್ವೆ ಸೇತುವೆಯ ಬುಡದಲ್ಲಿ ಬುಟ್ಟಿ ಹೊತ್ತವನೊಬ್ಬನಿಂದ "ಪರದೇಶದ ಹಸಿರು ಫಿಂಚು" ಕೊಂಡು ತಂದೆ. ಮೂರನೆಯ ದಿನ ಅದು ಬಟ್ಟಲಿನಲ್ಲಿ ಸ್ನಾನಮಾಡಿತು; ನೀರು ಹಸಿರಾಯಿತು, ಹಕ್ಕಿ ಕಂದಾಯಿತು. ನಮ್ಮ ಬಯಲುಗಳ ಸಾಮಾನ್ಯ ಚುಕ್ಕೆ ರಾಟವಾಳಕ್ಕೆ ಬಣ್ಣ ಬಳಿದಿದ್ದರು. ಗರಿ ತೀಡುತ್ತ ತೀಡುತ್ತ ಅದು ಆ ಬಣ್ಣವನ್ನೇ ನುಂಗುತ್ತಿತ್ತು. ಎಂಟನೆಯ ದಿನ ಸತ್ತಿತು. ದೇಶೀಯ ರಾಟವಾಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಅವುಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ಎಂದರೆ ಮೋಸಹೋದವನಾದ ನಾನೂ ಅಪರಾಧಿಯೇ. ಹಸಿರು, ಕೆಂಪು, ಗುಲಾಬಿ ಎಂದು ಬೀದಿಯಲ್ಲಿ ಅಗ್ಗಕ್ಕೆ ಬರುವ ಹಕ್ಕಿಯ ಗರಿಬುಡದಲ್ಲಿ ಬೇರೆ ಬಣ್ಣ ಇಣುಕುತ್ತಿದ್ದರೆ, ಕಾಲಿಗೂ ಕೊಕ್ಕಿಗೂ ಬಣ್ಣ ಹತ್ತಿದ್ದರೆ ದೂರವಿರುವುದು ಲೇಸು.

ಮಿತ್ರರ ಮನೆಯ ಬಿಳುಪು ಎಷ್ಟು ತೊಳೆದರೂ ಹೋಗುವಂಥದಲ್ಲ. ಮರಿ ಪಂಜರದಲ್ಲೇ ಉಳಿಯಿತು. ಮೂರು ತಿಂಗಳಾಗುವ ಹೊತ್ತಿಗೆ ಕೊಕ್ಕು ಕೆಂಪೇರಿ, ತಂದೆಯಿಂದ ಕಲಿತ ರಾಗವನ್ನು ತೊದಲತೊಡಗಿತು; ಈ ಜಾತಿಯಲ್ಲಿ ಹಾಡುವುದು ಗಂಡು ಮಾತ್ರವಾದ್ದರಿಂದ ಅದು ಗಂಡೆಂಬುದೂ ತಿಳಿಯಿತು. ಒಡಹುಟ್ಟಿದವುಗಳನ್ನು ಕೂಡಿಸಿದರೆ ಸಂತತಿ ದುರ್ಬಲವಾಗುವುದೆಂದು ಎಚ್ಚರಿಸಿದ್ದರಿಂದ, ಬೇರೆಡೆಯಿಂದ ಬೂದು ಹೆಣ್ಣೊಂದನ್ನು ತಂದಿದ್ದಾರೆ. ತೊನ್ನಿನ ಮಾತಾಡಿದ್ದ ನೆರೆಯವರು ಈಗ ತಮಗೊಂದು ಬಿಳಿ ಮರಿ ಬೇಕೆಂದು ಕೇಳಿಟ್ಟಿದ್ದಾರೆ. ಈ ಜೋಡಿಗೆ ಹುಟ್ಟುವ ಮರಿಗಳು ಬಹುಮಟ್ಟಿಗೆ ಬೂದುಬಣ್ಣದವೇ ಆಗುವುವೆಂಬುದನ್ನು ಮಿತ್ರರು ಅವರಿಗೆ ಇನ್ನೂ ತಿಳಿಸಿಲ್ಲ.